ಚೊಂಬಿನ ಮೇಲಿನ ಹೆಸರು

ಗುಜರಿ ಅಂಗಡಿಯ ರಾಶಿಯಲ್ಲಿ ಒಂದು ಹಿತ್ತಾಳೆ ಚೊಂಬು, ಒಂದು ಕಂಚಿನ ಗಂಗಾಳ ಅಕ್ಕಪಕ್ಕ ಬಿದ್ದಿದ್ದವು. ಎರಡರ ಮೈಮೇಲೂ ಹಳೆಯ ಒಡತಿಯರ ಹೆಸರು ಕೊರೆದಿದ್ದರು. ಸಂಜೆಯೊಳಗೆ ಯಾರೂ ಒಯ್ಯದಿದ್ದರೆ ಕುಲುಮೆಯೇ ಗತಿ.

“ಬೇರೆಯವರ ಹೆಸರು ಹೊತ್ತ ನಿಮ್ಮನ್ನು ಯಾರು ತಾನೇ ಮನೆತುಂಬಿಸಿಕೊಂಡಾರು? ಬನ್ನಿ, ಉಜ್ಜಿಬಿಡುತ್ತೇನೆ,” ಎಂದಿತು ಪಕ್ಕದಲ್ಲಿದ್ದ ಕಬ್ಬಿಣದ ಅರ.

ಗಂಗಾಳ ಕೂಡಲೇ ಮೈಯೊಡ್ಡಿ ಫಳಫಳ ಹೊಳೆಯಿತು. ಚೊಂಬಿಗೂ ಆಸೆಯಾಯಿತು. ಆದರೆ ದಿನವೂ ತನ್ನನ್ನು ಬೆಳಗುತ್ತಿದ್ದ ಕೈ ನೆನಪಾಗಿ, “ನನಗೆ ಬೇಡಪ್ಪ, ಬಂದದ್ದು ಬರಲಿ,” ಎಂದಿತು.

ಅಷ್ಟರಲ್ಲಿ ಒಬ್ಬಾಕೆ ಬಂದು, ಸೆರಗು ಸಿಕ್ಕಿಸಿ, ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಕೆದಕತೊಡಗಿದಳು. ಗಂಗಾಳವನ್ನು ತಿರುಗಿಸಿ ನೋಡಿ, “ಇಂಥದ್ದು ಹೊಸ ಅಂಗಡೀಲೇ ಸಿಗುತ್ತೆ,” ಎಂದು ಕೆಳಗಿಟ್ಟಳು. ಚೊಂಬಿನ ದೂಳೊರೆಸಿ ಹೆಸರು ಓದಿದ್ದೇ ತಡ, ಅವಳ ಮುಖ ಅರಳಿತು.

“ಸಾತವ್ವ ಅಂತೆ! ಯಾರ ಮನೆ ತಾಯಿಯೋ! ನಡಿಯವ್ವ, ನಮ್ಮನೆಗೆ ಹೋಗೋಣ.”

ಅವಳ ಚೀಲದೊಳಗೆ ಕೂತ ಚೊಂಬಿಗೆ ಹಿಂದಿನಿಂದ ಗಂಗಾಳದ ದನಿ ಕೇಳಿಸಿತು: “ಅರರಾಯ, ನನ್ನ ಹೆಸರು ಮತ್ತೆ ಬರೆದುಕೊಡು.”

“ನನಗೆ ಅಳಿಸಲು ಬರುತ್ತದೆ,” ಎಂದಿತು ಅರ, “ಬರೆಯಲು ಬಾರದು.”