ನಾಲ್ಕು ಹಾಡಿನ ಸುತ್ತು

"ಗುರುಗಳೇ, ಎಂಟು ವರ್ಷ ಪಿಟೀಲು ಕಲಿಸಿದಿರಿ. ನನ್ನ ಕಲಿಕೆ ಮುಗಿಯಿತು, ನಾಳೆ ಊರಿಗೆ ಹೊರಡುತ್ತೇನೆ. ನಿಮಗೆ ಧನ್ಯವಾದ ಹೇಳುವ ಸರಿಯಾದ ರೀತಿ ಯಾವುದು?" ಎಂದು ಶಿಷ್ಯ ವಾಮನ ಕೇಳಿದ.

ಗುರುಗಳು ನಕ್ಕರು. "ಗಂಟುಮೂಟೆ ಕಟ್ಟಿದ ಮೇಲೆ ಕೇಳುತ್ತೀಯಲ್ಲ ಮಹರಾಯ! ಕೂತುಕೋ," ಎಂದು ಈ ಕತೆ ಹೇಳಿದರು.

ಅರ್ಜೆಂಟೀನಾದ ಬ್ಯೂನಸ್ ಐರಿಸ್ ನಗರದಲ್ಲಿ ಟ್ಯಾಂಗೋ ಕುಣಿತಕ್ಕೆ ನುಡಿಸುವ ಒಂದು ದೊಡ್ಡ ವಾದ್ಯಮೇಳವಿತ್ತು. ಪಿಯಾನೋ ನುಡಿಸುವ ಮುದುಕರೊಬ್ಬರು ಅದರ ಯಜಮಾನರು. ತೊಡೆಯ ಮೇಲಿಟ್ಟು ತಿದಿ ಎಳೆದು ನುಡಿಸುವ ಬಾಂಡೋನಿಯನ್‌ಗಳು, ಪಿಟೀಲುಗಳು, ಮಂದ್ರ ಸ್ವರದ, ಆಳೆತ್ತರದ ಒಂದು ಬಾಸ್ ಪಿಟೀಲು ಅದರಲ್ಲಿದ್ದವು. ಆ ಮೇಳದಲ್ಲಿ ಒಬ್ಬ ಪಿಟೀಲುಗಾರ ಇಪ್ಪತ್ತು ವರ್ಷ ನುಡಿಸಿದ್ದ. ವೇದಿಕೆಯ ಕೆಳಗೆ ಜನ ಜೋಡಿಯಾಗಿ ಕುಣಿಯುತ್ತಿದ್ದರು. ಇವನ ಕಣ್ಣು ಮಾತ್ರ ಯಜಮಾನರ ಕೈ ಬಿಟ್ಟು ಕದಲಿದ್ದೇ ಇಲ್ಲ.

ಒಂದು ಭಾನುವಾರ ಅವನ ಬೆರಳು ಊದಿಕೊಂಡಿತು. "ಇವತ್ತು ಕೆಳಗೆ ಹೋಗಿ ಕುಣಿ," ಎಂದರು ಯಜಮಾನರು. ಅವನು ಇಳಿದ. ಒಬ್ಬ ಹೆಂಗಸು ಕಣ್ಣಲ್ಲೇ ಒಪ್ಪಿ ಜೊತೆಗೆ ಬಂದಳು. ಇಪ್ಪತ್ತು ವರ್ಷ ಒಳಗೆ ಕೂತು ನುಡಿಸಿದ್ದನ್ನು ಅವನು ಹೊರಗೆ ನಿಂತು ಕೇಳಿದ್ದು ಅದೇ ಮೊದಲು. ಬಾಸಿನ ನಾದ ಹಲಗೆಯ ನೆಲದಿಂದ ಅಂಗಾಲಿಗೆ ಏರಿತು. ಇಷ್ಟು ದೊಡ್ಡದರಲ್ಲಿ ನನಗೂ ಒಂದು ಕುರ್ಚಿ ಕೊಟ್ಟರಲ್ಲ ಎಂದು ಎದೆ ತುಂಬಿ ಬಂತು. ಹಾಡು ಮುಗಿದದ್ದೇ ತಡ, ಹೆಂಗಸಿನ ಕೈ ಹಿಡಿದು, "ಧನ್ಯವಾದ, ತುಂಬಾ ಧನ್ಯವಾದ," ಎಂದ.

ಅವಳು ತಲೆಬಾಗಿ ತನ್ನ ಜಾಗಕ್ಕೆ ಹೋಗಿ ಕೂತುಬಿಟ್ಟಳು. ಎರಡನೆಯ ಹಾಡು ಶುರುವಾಯಿತು. ಅಷ್ಟೊಂದು ಜೋಡಿಗಳ ನಡುವೆ ಅವನೊಬ್ಬನೇ ಪೆಚ್ಚಾಗಿ ನಿಂತ.

ಬಿಡುವಿನಲ್ಲಿ ಯಜಮಾನರ ಬಳಿ ಹೋಗಿ, "ನಾನೇನು ತಪ್ಪು ಮಾಡಿದೆ?" ಎಂದು ಕೇಳಿದ.

"ನಾಲ್ಕು ಹಾಡಿಗೆ ಒಂದು ಸುತ್ತು. ನಡುವೆ ಧನ್ಯವಾದ ಹೇಳಿದರೆ, ಇನ್ನು ಸಾಕು ಎಂದರ್ಥ; ಜೊತೆಯವರು ಹೊರಟುಹೋಗುವುದು ಇಲ್ಲಿಯ ಪದ್ಧತಿ. ಇಪ್ಪತ್ತು ವರ್ಷ ನಮ್ಮ ಜೊತೆಗಿದ್ದೂ ಇಷ್ಟು ಗೊತ್ತಿಲ್ಲವೇನಯ್ಯಾ?" ಎಂದರು ಯಜಮಾನರು.

ಮುಂದಿನ ಸುತ್ತಿಗೆ ಅವನು ಅಳುಕುತ್ತಲೇ ಆ ಹೆಂಗಸಿನತ್ತ ನೋಡಿದ. ಅವಳು ನಕ್ಕು ಎದ್ದು ಬಂದಳು. ಕೃತಜ್ಞತೆಯಿಂದ ಅವನ ಕಣ್ಣು ಮತ್ತೆ ಮತ್ತೆ ಒದ್ದೆಯಾಯಿತು. ನಾಲ್ಕು ಹಾಡೂ ಮುಗಿಯುವವರೆಗೆ ಬಾಯಿ ಬಿಡದೆ ಕುಣಿದ.

ಗುರುಗಳು ಕತೆ ನಿಲ್ಲಿಸಿ ಶಿಷ್ಯನ ಮುಖ ನೋಡಿದರು.

"ನಿನಗೀಗ ನಡೆಯುತ್ತಿರುವುದು ಎಷ್ಟನೆಯ ಹಾಡಪ್ಪಾ?"