ರೈಹಾನಾ ಒರತೆಯ ಮಹಿಮೆ

ಭಕ್ತಜನರೇ, ಸುಲ್ತಾನರಾಳುತ್ತಿದ್ದ ಬಹು ಪುರಾತನ ಕಾಲದಲ್ಲಿ ಈ ಬೋಳುಗುಡ್ಡದ ತಪ್ಪಲಿನಲ್ಲಿ ಮುನೀರ್ ಶಾ ಎಂಬ ಪರಮವಿರಕ್ತ ಸಂತರು ವಾಸವಾಗಿದ್ದರು. ಮಣ್ಣಿನಿಂದ ಮನುಷ್ಯರನ್ನು ಸೃಷ್ಟಿಸಿದ ಅಲ್ಲಾಹನೇ ಹೊಗೆಯಿಲ್ಲದ ಬೆಂಕಿಯಿಂದ ಜಿನ್‌ಗಳನ್ನೂ ಸೃಷ್ಟಿಸಿದನೆಂದೂ, ನಮ್ಮಂತೆಯೇ ಮಕ್ಕಳುಮರಿ, ಹಸಿವು, ಪ್ರಾರ್ಥನೆ, ಮರಣಗಳುಳ್ಳ ಆ ಅಗೋಚರ ನೆರೆಯವರು ಸರಿದು ನಿಲ್ಲಲೆಂದು ಕುದಿನೀರು ಚೆಲ್ಲುವ ಮುನ್ನ 'ಬಿಸ್ಮಿಲ್ಲಾ' ಎನ್ನಬೇಕೆಂದೂ ಅವರು ಊರಿಗೆಲ್ಲ ಬೋಧಿಸುತ್ತಿದ್ದರು.

ಅಲ್ಲಿಯೇ ನೂಲಿಗೆ ಮಂಜಿಷ್ಠದ ಬೇರಿನ ಕೆಂಪು ಬಣ್ಣ ಹಾಕಿ ಬದುಕುತ್ತಿದ್ದ ದಾವಲಬಿ ಎಂಬ ವಿಧವೆಯಿದ್ದಳು. ಕೈ ಚುರುಕು, ಸಿಟ್ಟು ಅದಕ್ಕಿಂತ ಚುರುಕು! ಒಂದು ಮಧ್ಯಾಹ್ನ ಬಣ್ಣ ಕೆಟ್ಟಿತೆಂಬ ಕೋಪಕ್ಕೆ ಕುದಿಯುವ ಹಂಡೆಯನ್ನೇ ಈ ಬಂಡೆಯ ಮೇಲೆ ಬಗ್ಗಿಸಿಬಿಟ್ಟಳು. ದೇವರ ಹೆಸರು ನಾಲಿಗೆಗೆ ಬರಲಿಲ್ಲ. ಅಯ್ಯೋ, ಆ ಕ್ಷಣವೇ ಬರಿಯ ಗಾಳಿಯಲ್ಲಿ ಎಳೆಗೂಸಿನ ಚೀತ್ಕಾರವೆದ್ದು ಥಟ್ಟನೆ ನಿಂತುಹೋಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಏನು ಪ್ರಯೋಜನ?

"ಬಾವಾ, ಅಲ್ಲಾಹನ ಹತ್ತಿರ ನನಗೆ ಮಾಫಿ ಕೇಳಿಕೊಡಿ" ಎಂದು ಆಕೆ ಸಂತರ ಮುಂದೆ ಬಿದ್ದು ಹೊರಳಾಡಿದಳು.

"ಮಗಳೇ, ಆತನಿಗೆ ಮಾಡಿದ ತಪ್ಪನ್ನು ಆತ ಮನ್ನಿಸಿಯಾನು. ಕೂಸು ಕಳೆದುಕೊಂಡ ಆ ಜಿನ್ ತಾಯಿಗೆ ಮಾಡಿದ್ದನ್ನು ಆ ತಾಯಿಯೇ ಮನ್ನಿಸಬೇಕಮ್ಮ" ಎಂದರು ಅವರು.

ಕಣ್ಣಿಗೆ ಕಾಣದವಳ ಕಾಲು ಹಿಡಿಯುವುದೆಲ್ಲಿ? ದಾವಲಬಿ ದಿನವೂ ದೂರದ ಹಳ್ಳದಿಂದ ತಣ್ಣೀರು ಹೊತ್ತು ತಂದು, ಬಂಡೆಗೆ ಮೆಲ್ಲಗೆ ಎರೆದು, "ನನ್ನ ಒಡಲುರಿ ಆರಿಸು ತಾಯೀ, ನನಗೆ ನಿದ್ದೆ ಕೊಡು" ಎಂದು ಗೋಳಾಡಿದಳು. ತಲೆ ನರೆಯಿತು, ಬೆನ್ನು ಬಾಗಿತು, ಉತ್ತರವಿಲ್ಲ. ಅತ್ತು ಅತ್ತು ದಣಿದ ಒಂದು ಮುಂಜಾನೆ, ತನಗಾಗಿ ಏನೂ ಬೇಡದೆ, "ತಾಯೀ, ನಿನ್ನ ಕೂಸಿನ ಹೆಸರೇನಿತ್ತು?" ಎಂದಳು.

ಆಗ ಗುಡ್ಡವೇ ನಡುಗುವಂತೆ ಅಶರೀರವಾಣಿಯಾಯಿತು: "ಇಷ್ಟು ವರ್ಷ ನಿನ್ನ ಸಂಕಟವನ್ನೇ ಹೇಳಿಕೊಂಡೆಯಲ್ಲೇ! ನನ್ನ ಮಗಳಿಗೊಂದು ಹೆಸರಿತ್ತೆಂದು ಇಂದು ಹೊಳೆಯಿತೇ? ರೈಹಾನಾ. ಅವಳ ಹೆಸರು ರೈಹಾನಾ."

ವಾಣಿ ಅಳುವಾಯಿತು. ಆ ಅಳುವಿನೊಡನೆ ಬಂಡೆಯ ಬುಡದಲ್ಲಿ ನೀರು ಜಿನುಗಿತು. ಮನ್ನಿಸಿದೆನೆಂಬ ಮಾತು ಮಾತ್ರ ಬರಲಿಲ್ಲ. ದಾವಲಬಿ ಕೊನೆಯುಸಿರಿನ ತನಕ ಅದಕ್ಕಾಗಿ ಕಿವಿಗೊಟ್ಟು ಕುಳಿತಿದ್ದಳು, ಪಾಪ.

ಆ ಒರತೆ ಕಡುಬೇಸಿಗೆಯಲ್ಲೂ ಬತ್ತಿಲ್ಲ. ಮುನೀರ್ ಶಾ ಅವರ ಉರುಸಿನ ದಿನ ಜಾತಿಮತವೆನ್ನದೆ ಬರುವ ಯಾತ್ರಿಕರು ಮೊದಲು ರೈಹಾನಾಳ ಹೆಸರು ಹೇಳಿ, ಬಳಿಕ ತಾವು ನೋಯಿಸಿದ, ಈಗ ಕ್ಷಮೆ ಕೇಳೋಣವೆಂದರೆ ಬದುಕಿಲ್ಲದವರ ಹೆಸರು ಹೇಳಿ ಬೊಗಸೆ ಒಡ್ಡುತ್ತಾರೆ. ಇಲ್ಲಿ ಕ್ಷಮೆ ದೊರೆಯುವುದೆಂದು ನಾವು ಯಾರಿಗೂ ಮಾತು ಕೊಡುವುದಿಲ್ಲ. ನೀರು ತಣ್ಣಗಿದೆ, ಕುಡಿದು ಹೋಗಿ.