ಎರಡು ದೋಣಿಗಳ ನಡುವಿನ ದೂರ

ಸಮುದ್ರದ ದಂಡೆಯ ಒಂದು ಊರಿನಲ್ಲಿ ಹಡಗು ನಡೆಸುವುದನ್ನು ಕಲಿಸುವ ಶಾಲೆಯಿತ್ತು. ಅಲ್ಲಿ ಸುಹಾಸಿನಿ ತಾಂಡೇಲ ಎಂಬ ಹುಡುಗಿ ಓದುತ್ತಿದ್ದಳು. ಲೆಕ್ಕದಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. ಆದರೆ ಅದು ಅಂಬಿಕಾ ಬಂದು ಸೇರುವವರೆಗೆ ಮಾತ್ರ.

ಅಂಬಿಕಾ ಬಂದ ಮೇಲೆ ಎಲ್ಲವೂ ಬದಲಾಯಿತು. ಲೆಕ್ಕ ಕಲಿಸುವ ರೆಬೆಲ್ಲೊ ಸರ್ ಪ್ರಶ್ನೆ ಕೇಳಿ ಮೊದಲು ನೋಡುತ್ತಿದ್ದುದು ಅಂಬಿಕಾಳ ಕಡೆಗೆ. ಹುಡುಗಿಯರು ಸಂಶಯ ಬಂದರೆ ಹೋಗುತ್ತಿದ್ದುದು ಅಂಬಿಕಾಳ ಕೋಣೆಗೆ. ಸುಹಾಸಿನಿಗೆ ಊಟ ರುಚಿಸದಾಯಿತು. ಅಂಬಿಕಾ ಬೋರ್ಡಿನ ಮೇಲೆ ಏನು ಬರೆದರೂ ಎದ್ದು ನಿಂತು ಏನಾದರೊಂದು ಕೊಂಕು ತೆಗೆಯುವುದು ಅವಳಿಗೆ ಅಭ್ಯಾಸವಾಗಿ ಹೋಯಿತು. ಅಕ್ಷರ ಸೊಟ್ಟಗಿದೆ ಎನ್ನುವಳು, ಉತ್ತರ ಸರಿಯಿದ್ದರೂ ದಾರಿ ಉದ್ದವಾಯಿತು ಎನ್ನುವಳು. ಕೊನೆಕೊನೆಗೆ ಅವಳು ಬಾಯಿ ತೆರೆದರೆ ತರಗತಿಯೇ ಮುಸಿಮುಸಿ ನಗುತ್ತಿತ್ತು.

ಶಾಲೆಯ ವಾರ್ಷಿಕೋತ್ಸವ ಬಂತು. ಅಂದಿನ ದೋಣಿ ಪ್ರದರ್ಶನದಲ್ಲಿ ಎರಡು ಮೋಟಾರು ದೋಣಿಗಳು ಎದುರುಬದುರಾಗಿ ವೇಗದಲ್ಲಿ ಬಂದು, ಓರೆಯಾಗಿ ಒಂದರ ದಾರಿಯನ್ನು ಇನ್ನೊಂದು ದಾಟಿ ಹೋಗಬೇಕು. ಎರಡರಲ್ಲೂ ಹೊಸದಾಗಿ ಸೇರಿದ ಮಕ್ಕಳು ಕೂತಿರುತ್ತಾರೆ. ದೋಣಿಗಳು ಎಲ್ಲಿಂದ, ಯಾವಾಗ ಹೊರಡಬೇಕು ಎಂದು ಲೆಕ್ಕ ಹಾಕುವ ಕೆಲಸ ಅಂಬಿಕಾಳಿಗೆ ಸಿಕ್ಕಿತು.

ಉತ್ಸವದ ಬೆಳಿಗ್ಗೆ ಆ ಲೆಕ್ಕವನ್ನು ಬೋರ್ಡಿನ ಮೇಲೆ ನೋಡಿದ ಸುಹಾಸಿನಿ ಗಕ್ಕನೆ ನಿಂತಳು. ಎರಡೂ ದಾರಿಗಳು ಕೂಡುವ ಜಾಗಕ್ಕೆ ಮೊದಲ ದೋಣಿ ಬಂದಾಗ ಇನ್ನೊಂದು ಅರವತ್ತು ಮೀಟರ್ ದೂರದಲ್ಲಿರುತ್ತದೆ, ಆದ್ದರಿಂದ ಭಯವಿಲ್ಲ ಎಂದು ಅಂಬಿಕಾ ಬರೆದಿದ್ದಳು. ಆದರೆ ದೋಣಿಗಳು ಅತಿ ಹತ್ತಿರ ಬರುವುದು ಆ ಗಳಿಗೆಯಲ್ಲಲ್ಲ. ಅದಾದ ಮೇಲೂ ಅವುಗಳ ನಡುವಿನ ದೂರ ಕುಗ್ಗುತ್ತಲೇ ಹೋಗುತ್ತದೆ. ಸುಹಾಸಿನಿ ದೂರಕ್ಕೆ ಸಮೀಕರಣ ಬರೆದು, ಅದು ಬದಲಾಗುವ ವೇಗ ಸೊನ್ನೆಯಾಗುವ ಗಳಿಗೆಯನ್ನು ಕಂಡುಹಿಡಿದಳು. ಆ ಗಳಿಗೆಯಲ್ಲಿ ದೋಣಿಗಳ ನಡುವೆ ಉಳಿಯುವುದು ಹತ್ತೇ ಮೀಟರ್ ಎಂದು ಉತ್ತರ ಬಂತು. ಆ ವೇಗದಲ್ಲಿ ಒಂದು ಅಲೆ ಪಕ್ಕಕ್ಕೆ ತಳ್ಳಿದರೂ ಸಾಕು, ದೋಣಿಗಳು ಡಿಕ್ಕಿ ಹೊಡೆಯುತ್ತಿದ್ದವು.

ಅವಳು ರೆಬೆಲ್ಲೊ ಸರ್ ಬಳಿ ಓಡಿದಳು. ಅವರು ಅತಿಥಿಗಳ ಗಡಿಬಿಡಿಯಲ್ಲಿದ್ದರು. ವಿಷಯ ಪೂರ್ತಿ ಕೇಳಲೂ ಇಲ್ಲ. ಇವತ್ತೊಂದು ದಿನವಾದರೂ ಆ ಹುಡುಗಿಯನ್ನು ಅವಳ ಪಾಡಿಗೆ ಬಿಡು ಎಂದು ಹೇಳಿ ಹೊರಟುಹೋದರು.

ಸುಹಾಸಿನಿಯ ಮುಖ ಕೆಂಪಾಯಿತು. ಸರಿ, ಹಾಗೇ ಆಗಲಿ ಎಂದುಕೊಂಡಳು. ಇಡೀ ಊರಿನ ಮುಂದೆ ಅಂಬಿಕಾಳ ಲೆಕ್ಕ ತಪ್ಪುತ್ತದೆ. ಆಗ ಸರ್‌ಗೂ ಗೊತ್ತಾಗುತ್ತದೆ, ನಗುತ್ತಿದ್ದವರಿಗೂ ಗೊತ್ತಾಗುತ್ತದೆ. ತಾನು ಹೇಳಿಯಾಗಿದೆ, ಇನ್ನು ತನ್ನ ಮೇಲೆ ತಪ್ಪಿಲ್ಲ. ಹೀಗೆ ಯೋಚಿಸುವಾಗ ಅವಳಿಗೆ ಒಳಗೊಳಗೇ ಖುಷಿಯೂ ಆಯಿತು.

ಜೆಟ್ಟಿಯ ಮೇಲೆ ಹೊಸ ಮಕ್ಕಳು ದೋಣಿ ಹತ್ತಲು ಸಾಲುಗಟ್ಟಿದ್ದರು. ದೋಣಿಯ ಅಂಚಿನ ಜಾಗ ತನಗೆ ಬೇಕೆಂದು ಒಬ್ಬಳು ಗೆಳತಿಯೊಡನೆ ಜಗಳವಾಡುತ್ತಿದ್ದಳು. ಸುಹಾಸಿನಿ ಅವರನ್ನೇ ನೋಡುತ್ತ ನಿಂತಳು. ತನ್ನ ಖುಷಿ ಯಾವುದಕ್ಕಾಗಿ ಎಂದು ಅವಳಿಗೆ ಆಗ ಹೊಳೆಯಿತು. ಈ ಮಕ್ಕಳಿಗೆ ಕೇಡಾಗಲಿ ಎಂದೇ ತಾನು ಕಾಯುತ್ತಿದ್ದಳು.

ಅವಳು ನೇರ ದಂಡೆಯಲ್ಲಿ ನಿಂತಿದ್ದ ಅಂಬಿಕಾಳ ಬಳಿ ಹೋದಳು. ಅಂಬಿಕಾ ಬೇಸರದಿಂದ, "ಇವತ್ತೂ ತಪ್ಪು ಹುಡುಕೋದಕ್ಕೆ ಬಂದೆಯಾ?" ಎಂದಳು.

"ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು ಇರೋದು ನಿಜ," ಎಂದಳು ಸುಹಾಸಿನಿ. "ಅದನ್ನ ಬದಿಗಿಟ್ಟು ಈ ಲೆಕ್ಕ ಮಾತ್ರ ನೋಡು."

ಅವಳು ಒದ್ದೆ ಮರಳಿನ ಮೇಲೆ ಎರಡು ಗೆರೆ ಎಳೆದು, ಎರಡು ಚಿಪ್ಪುಗಳನ್ನು ಒಟ್ಟೊಟ್ಟಿಗೆ ಸ್ವಲ್ಪಸ್ವಲ್ಪವೇ ಸರಿಸಿದಳು. ಮೊದಲ ಚಿಪ್ಪು ಗೆರೆಗಳು ಕೂಡುವ ಜಾಗ ದಾಟಿತು. ಆದರೂ ಚಿಪ್ಪುಗಳು ಇನ್ನೂ ಹತ್ತಿರವಾದವು, ಒಂದಕ್ಕೊಂದು ತಾಗುವಷ್ಟು. ಆಮೇಲಷ್ಟೇ ದೂರವಾದವು. ಅಂಬಿಕಾ ಕುಕ್ಕರಗಾಲಿನಲ್ಲಿ ಕೂತು ಮರಳಿನ ಮೇಲೆಯೇ ಹೊಸದಾಗಿ ಲೆಕ್ಕ ಮಾಡಿದಳು. ಆಮೇಲೆ ಎದ್ದು ಓಡಿ, ಎರಡನೆಯ ದೋಣಿ ತಡವಾಗಿ ಹೊರಡಲಿ ಎಂದು ಚಾಲಕನಿಗೆ ಹೇಳಿದಳು.

ದೋಣಿಗಳು ನೊರೆ ಚಿಮ್ಮಿಸುತ್ತ ಬಂದವು, ನಡುವೆ ಸಾಕಷ್ಟು ನೀರು ಬಿಟ್ಟು ದಾಟಿಹೋದವು. ದಂಡೆಯ ತುಂಬ ಚಪ್ಪಾಳೆ. ರೆಬೆಲ್ಲೊ ಸರ್ ಅಂಬಿಕಾಳ ಕೈ ಕುಲುಕಿದರು. ದೂರದಲ್ಲಿ ನಿಂತಿದ್ದ ಸುಹಾಸಿನಿಗೆ ಎದೆಯಲ್ಲಿ ಅದೇ ಹಳೆಯ ಉರಿ ಎದ್ದಿತು. ಅಷ್ಟರಲ್ಲಿ ಮಕ್ಕಳು ಒದ್ದೆ ಬಟ್ಟೆ ಹಿಂಡುತ್ತ, ನಗುತ್ತ ದೋಣಿಯಿಂದ ಇಳಿದರು. ಅವಳೂ ಚಪ್ಪಾಳೆ ತಟ್ಟಿದಳು.

ಮರುದಿನ ಅಂಬಿಕಾಳೇ ಎಲ್ಲವನ್ನೂ ಸರ್‌ಗೆ ಹೇಳಿದಳು. ಅವರು ಸುಹಾಸಿನಿಯನ್ನು ಕರೆದು, "ನಿನ್ನ ಮಾತು ಕೇಳದೆ ನಾನು ತಪ್ಪು ಮಾಡಿದೆ ಮಗಳೇ," ಎಂದರು.

ಸುಹಾಸಿನಿ ತಲೆ ತಗ್ಗಿಸಿ, "ಯಾರೂ ಕೇಳದ ಹಾಗೆ ನಾನೇ ಮಾಡಿಕೊಂಡಿದ್ದೆ ಸರ್," ಎಂದಳು.

ನೀತಿ: ಹೊಟ್ಟೆಕಿಚ್ಚಿನವರು ನಿಜ ಹೇಳಿದರೂ ಜನ ನಂಬುವುದಿಲ್ಲ. ಮನಸ್ಸಿನಲ್ಲಿ ಅಸೂಯೆ ಹುಟ್ಟುವುದನ್ನು ತಡೆಯಲು ಆಗದಿರಬಹುದು, ಆದರೆ ಅದರ ಕೈಗೆ ಚುಕ್ಕಾಣಿ ಕೊಡಬೇಡಿ. ನೀವೇ ಸರಿ ಎಂದು ತೋರಿಸಿಕೊಳ್ಳಲು ಇನ್ನೊಬ್ಬರಿಗೆ ಕೇಡಾಗಲಿ ಎಂದು ಎಂದಿಗೂ ಕಾಯಬೇಡಿ.